ಸೇಠರ ಮೋಟಾರಿಗೆ ಭೂಮಿ ಸಿಕ್ಕಿದ್ದು

ಮುಂಬಯಿಯ ಕಾರ್ಖಾನೆಗಳಲ್ಲಿ ಮೋಟಾರಿಗೆ ಡ್ರೈವ್ ಕೂರಿಸುವುದೇ ನಿವೃತ್ತನಾಗುವವರೆಗೂ ನನ್ನ ಕೆಲಸ. ಡ್ರೈವ್ ಅಂದರೆ ಮೋಟಾರಿನ ವೇಗವನ್ನು ಹತೋಟಿಯಲ್ಲಿಡುವ ಪೆಟ್ಟಿಗೆ. ಅದಕ್ಕೂ ಮೊದಲು ಅರ್ಥಿಂಗ್ ನೋಡಬೇಕು. ಸೋರಿದ ಕರೆಂಟು ಮನುಷ್ಯನ ಮೈಯಿಂದಲ್ಲ, ತಂತಿಯಿಂದ ನೆಲಕ್ಕಿಳಿಯಬೇಕು. ಇಷ್ಟು ಗಂಭೀರವಾದ ವಿಷಯದಲ್ಲೇ ಜನ ನನ್ನನ್ನು ದಿನಾ ನಗಿಸಿದ್ದಾರಲ್ಲ, ಅದೇ ಸೋಜಿಗ. ಜೋಗೇಶ್ವರಿಯ ಒಂದು ಸಣ್ಣ ಕಾರ್ಖಾನೆಯದ್ದಷ್ಟೇ ಹೇಳುತ್ತೇನೆ.

ಪೈಪು

"ಅರ್ಥಿಂಗ್ ನಮ್ಮ ತಂದೆ ಕಾಲದ್ದು, ಏಕ್‌ದಮ್ ಪಕ್ಕಾ" ಎಂದರು ಮಾಲೀಕ ಸೇಠರು. ತಂತಿಯ ಜಾಡು ಹಿಡಿದು ಹೊರಟೆ. ಅದು ಗೋಡೆ ಬಳಸಿ, ಮೋರಿ ದಾಟಿ, ನಲ್ಲಿಯ ಪೈಪಿಗೆ ಹೋಗಿ ಸುತ್ತಿಕೊಂಡಿತ್ತು. ತಂದೆಯ ಕಾಲದಲ್ಲಿ ಕಬ್ಬಿಣದ ಪೈಪು. ಈಗ ಪ್ಲಾಸ್ಟಿಕ್ಕಿನದು.

"ಸೇಠ್, ಪ್ಲಾಸ್ಟಿಕ್ಕಿನಲ್ಲಿ ಕರೆಂಟು ಹೋಗುವುದಿಲ್ಲ."

"ಪೈಪು ಬದಲಾಯಿಸಿದಾಗ ನಾನೇ ನಿಂತು ತಂತಿ ಕಟ್ಟಿಸಿದ್ದೇನೆ. ನೋಡಿ, ಕ್ಲಾಂಪ್ ಕೂಡ ಹೊಸದು."

ಹಲಗೆ

ಮಷೀನು ನಡೆಸುವವನು ವಿಜಯಪುರದ ಕಡೆಯ ಮಧ್ಯವಯಸ್ಕ. ಮರದ ಹಲಗೆಯ ಮೇಲೆ ನಿಂತೇ ಕೆಲಸ.

"ಯಾಕಪ್ಪಾ ಹಲಗೆ?"

"ಕೆಳಗ ನಿಂತು ಮುಟ್ಟಿದ್ರ ಮೈ ಜುಮ್ ಅಂತೈತ್ರಿ. ಮಳಿಗಾಲದಾಗ ಒಮ್ಮೆ ಒಗದ ಬಿಟ್ಟಿತ್ತು."

ನನಗೆ ನಗು ಬರಲಿಲ್ಲ. ಮುಂದಿನ ಮಳೆಗಾಲಕ್ಕೆ ಈತ ಉಳಿಯುವುದೇ ಅನುಮಾನವಿತ್ತು.

"ಸೇಠರಿಗೆ ಹೇಳಲಿಲ್ಲವೇ?"

"ಹೇಳೀನ್ರಿ. ಹಲಿಗಿ ಅವರ ಕೊಟ್ಟದ್ದು."

ನೀರು

ಹೊಸದಾಗಿ ಗುಂಡಿ ತೋಡಿ, ಇದ್ದಿಲು ಉಪ್ಪು ತುಂಬಿ, ತಾಮ್ರದ ಪಟ್ಟಿ ಇಳಿಸುವವರೆಗೆ ಡ್ರೈವ್ ಇಲ್ಲ ಎಂದೆ. ಗುಂಡಿಯಾಯಿತು. ಮೀಟರ್ ಹಚ್ಚಿದೆ, ಅಳತೆ ಪಠ್ಯಪುಸ್ತಕದಲ್ಲಿ ಬರೆದಿಟ್ಟ ಹಾಗೆ ಬಂತು. ಅಷ್ಟು ಚೆನ್ನಾಗಿದ್ದದ್ದೇ ಅನುಮಾನವಾಗಿ, ಮರುವಾರ ಹೇಳದೆ ಹೋದೆ. ಗುಂಡಿ ಒಣಗಿ ಬಿರುಕು ಬಿಟ್ಟಿತ್ತು. ಕೆದಕಿದರೆ ಮೊಣಕಾಲಿನಷ್ಟೂ ಆಳವಿಲ್ಲ.

ಮಷೀನಿನವನು ನನ್ನನ್ನೇ ತರಾಟೆಗೆ ತೆಗೆದುಕೊಂಡ. "ಹೇಳದ ಬಂದ್ರ ಹೆಂಗ್ರಿ ಸಾಹೇಬ್ರ? ದಾದರ್‌ದಾಗ ಲೋಕಲ್ ಹತ್ತೀನಿ ಅಂತ ನೀವು ಫೋನ್ ಮಾಡಿದ ಕೂಡ್ಲೆ ಮೀಟರ್ ಚಲೋ ತೋರಸ್ಲಿ ಅಂತ ಗುಂಡಿಗೆ ನೀರು ಹೊಯ್ಯೋದು ನನ್ನ ಡ್ಯೂಟಿ. ಇವತ್ತಿಂದು ನನ್ನ ತಪ್ಪಲ್ಲ ನೋಡ್ರಿ."

ಕುಂಕುಮ

ಸೇಠರಿಗೆ ಶಾಂತವಾಗಿ ಹೇಳಿದೆ: "ನನ್ನ ಮೀಟರ್ ಒಂದೇ ಸಾಲದು. ಹೊಸ ಡ್ರೈವಿನ ಪೂಜೆಯ ದಿನ ಮೋಟಾರ್ ಚಾಲೂ ಇರುವಾಗ ಮೊದಲ ಕುಂಕುಮ ನೀವೇ ಇಡಬೇಕು. ಬರಿಗಾಲು, ಒದ್ದೆ ಕೈ. ಆಮೇಲೆ ಮಷೀನಿನವನು ಮುಟ್ಟುತ್ತಾನೆ."

ಸೇಠರು ಮೋಟಾರಿನಿಂದ ಒಂದು ಹೆಜ್ಜೆ ಹಿಂದೆ ಸರಿದರು. "ಗುಂಡಿ ಎಷ್ಟು ಆಳ ಅಂದಿರಿ?"

"ಆಳು ಮುಳುಗುವಷ್ಟು."

ಎರಡು ತೋಡಿಸಿದರು. ಹೇಳದೆ ಹೋಗಿ ಅಳೆದೆ. ಈ ಸಲ ನಿಜವಾಗಿಯೂ ಸರಿಯಿತ್ತು. ಡ್ರೈವ್ ಕೂರಿಸಿದೆ.

ಪೂಜೆಯ ದಿನ ಸೇಠರು ಚಪ್ಪಲಿ ಬಿಟ್ಟು, ಕಣ್ಣು ಮುಚ್ಚಿ, ಓಡುತ್ತಿದ್ದ ಮೋಟಾರಿನ ಮೈಗೆ ಕುಂಕುಮದ ಬೆರಳು ತಾಗಿಸಿದರು. ಏನೂ ಆಗಲಿಲ್ಲ. ಎಲ್ಲರೂ ದೇವರಿಗೆ ಕೈ ಮುಗಿದರು. ಮಷೀನಿನವನು ಮಾತ್ರ ಸೇಠರನ್ನೇ ನೋಡುತ್ತ ನಿಂತಿದ್ದ.

"ಇನ್ನು ಸುರು ಮಾಡಪ್ಪಾ" ಎಂದೆ.

"ತಡೀರಿ ಸಾಹೇಬ್ರ" ಎಂದ. "ಸೇಠ್‌ಗ ಹೇಳ್ರಿ, ಇನ್ನೊಂದೀಟು ಹಿಡಕೊಂಡ ನಿಂದರ್ಲಿ."