ಮೆಟ್ಟಿಲ ತಿರುವಿನಲ್ಲಿ ಬೀರು

ಬೆಳಿಗ್ಗೆ ಹಾಲು ತರಲು ಕೆಳಗಿಳಿದ ವಿಜ್ಞಾನದ ಮೇಷ್ಟ್ರ ಕಿವಿಗೆ ನೆಲಮಹಡಿಯ ನಿವೃತ್ತ ಗುಮಾಸ್ತರು ಸುದ್ದಿ ಹಾಕಿದರು. ಮೇಷ್ಟ್ರ ಎದುರುಮನೆಯ ಟೈಲರಮ್ಮ ಮನೆ ಖಾಲಿ ಮಾಡುತ್ತಿದ್ದಾಳೆ, ಬೀರು ಒಯ್ಯಲು ವ್ಯಾನು ಬಂದಿದೆ ಎಂದು. ಮೇಷ್ಟ್ರು ಹಾಲಿನಂಗಡಿಯವರೆಗೆ ಹೋಗಿ, ಹಾಲು ಕೊಳ್ಳುವುದನ್ನೇ ಮರೆತು ಮರಳಿದರು.

ಎಷ್ಟೋ ವರ್ಷಗಳಿಂದ ಆಕೆಯ ಹೊಲಿಗೆ ಯಂತ್ರದ ಸದ್ದು ಕೇಳಿದರೇನೇ ಅವರಿಗೆ ನಿದ್ದೆ. ಗಟ್ಟಿಮುಟ್ಟಾದ ಅಂಗಿಯ ಗುಂಡಿಯನ್ನು ತಾವೇ ಕಿತ್ತು, ಹೊಲಿಸುವ ನೆಪದಲ್ಲಿ ಹೋಗುತ್ತಿದ್ದರು. ಗುಂಡಿ ಕೂಡುತ್ತಿತ್ತು, ಮಾತು ಮಾತ್ರ ಗಂಟಲಲ್ಲೇ ಉಳಿಯುತ್ತಿತ್ತು. ಹೊರಗಿನ ಬಲ ಬೀಳದೆ ನಿಂತ ವಸ್ತು ಕದಲುವುದಿಲ್ಲ ಎಂದು ತರಗತಿಯಲ್ಲಿ ಹೇಳುವಾಗಲೆಲ್ಲ ಅವರಿಗೆ ತಮ್ಮದೇ ನೆನಪಾಗುತ್ತಿತ್ತು.

ಅವರು ಮೇಲೆ ಬರುವಷ್ಟರಲ್ಲಿ ಗುಮಾಸ್ತರು, ಪಕ್ಕದ ಬೇಕರಿಯವನು, ವ್ಯಾನಿನ ಡ್ರೈವರು ಸೇರಿ ಬೀರುವಿಗೆ ಹಗ್ಗ ಬಿಗಿದು, ತಳ್ಳಬೇಕೋ ಎಳೆಯಬೇಕೋ ಎಂದು ಜಗಳಕ್ಕೆ ನಿಂತಿದ್ದರು.

"ಇದೆಲ್ಲ ನಿಮಗೆ ಗೊತ್ತಿರೋ ವಿಷಯ ಅಲ್ವಾ ಮೇಷ್ಟ್ರೇ? ಸ್ವಲ್ಪ ನಿಂತು ಹೇಳಿ" ಎಂದು ಟೈಲರಮ್ಮ ವ್ಯಾನಿನ ಬಾಗಿಲು ತೆಗೆಸಲು ಕೆಳಗಿಳಿದಳು.

ಬೀರು ಇಳಿಯದೆ ಆಕೆ ಹೋಗುವಂತಿಲ್ಲ. ಆದ್ದರಿಂದ ಬೀರು ಇಳಿಯಕೂಡದು ಎಂದು ಮೇಷ್ಟ್ರು ಅಲ್ಲೇ ತೀರ್ಮಾನಿಸಿದರು. ಕೆಳಕ್ಕೆಳೆಯಲು ಗುರುತ್ವ ಸದಾ ಸಿದ್ಧ. ಅದಕ್ಕೆ ಅಡ್ಡ ನಿಲ್ಲಲು ಘರ್ಷಣೆಯೊಂದೇ ಗತಿ. ಬೇಕರಿಯವನು ಜಾರಲೆಂದು ಹಾಸಿದ್ದ ಎಣ್ಣೆಕಾಗದವನ್ನು ತೆಗೆಸಿ, ಯಾರ ಕಾಲ ಮೇಲಾದರೂ ಬಿದ್ದೀತು ಎಂದು ಹೆದರಿಸಿ, ಒರಟು ಗೋಣಿಚೀಲ ಹಾಸಿಸಿದರು. ಒಳಗಿನ ಬಟ್ಟೆ ತೆಗೆದರೆ ಹಗುರಾಗುತ್ತದೆ ಎಂದ ಗುಮಾಸ್ತರನ್ನು ಭಾರವಿದ್ದರೇ ಸ್ಥಿರ ಎಂದು ಸುಮ್ಮನಾಗಿಸಿದರು. ಆದರೂ ಆ ಮೂವರು ಹಟ ಬಿಡದೆ ಏದುಸಿರು ಬಿಡುತ್ತ ಅದನ್ನು ಮೆಟ್ಟಿಲ ತಿರುವಿನವರೆಗೆ ಇಳಿಸಿಯೇ ಬಿಟ್ಟರು. ಮೇಲಿನಿಂದ ಹಗ್ಗ ಹಿಡಿದಿದ್ದ ಮೇಷ್ಟ್ರು ಸ್ವಲ್ಪ ಓರೆ ಮಾಡಿ ಎಂದರು. ಓರೆಯಾದ ಬೀರು ಹಟಮಾರಿ ಎಮ್ಮೆಯಂತೆ ದಾರಿಗಡ್ಡವಾಗಿ ವಾಲಿ ನಿಂತಿತು. ಹಗ್ಗ ಬಿಟ್ಟರೆ ಕೆಳಗಿನವರ ಮೇಲೇ ಉರುಳುವಂತಿತ್ತು.

ಟೈಲರಮ್ಮ ಬಂದು ಸಂದಿಯಿಂದ ಇಣುಕಿದಳು. ಮೇಷ್ಟ್ರು ಒಳಗೊಳಗೇ ಹಿಗ್ಗಿದರು.

"ಇನ್ನು ಇವತ್ತು ನೀವು ಮನೆ ಬಿಡೋಕಾಗಲ್ಲ."

"ನಾನ್ಯಾಕೆ ಮನೆ ಬಿಡ್ಲಿ? ಬೀರು ಅಕ್ಕನಿಗೆ ಕೊಡ್ತಿದ್ದೆ. ಅದು ಹೋದ್ರೆ ಇಬ್ಬರು ಕೂತು ಊಟ ಮಾಡೋಷ್ಟು ಜಾಗ ಆಗುತ್ತಲ್ಲ ಅಂತ." ಆಕೆಯ ದನಿ ಸಣ್ಣದಾಯಿತು. "ನಾನು ಹೋಗೇ ಬಿಡ್ತೀನಿ ಅಂದ್ಕೊಂಡು, ಬೇಡ ಅಂತ ಒಂದು ಮಾತೂ ಹೇಳದೆ, ಬೀರು ಇಳಿಸೋಕೆ ನಿಂತ್ರಾ?"

ಇಳಿಸಲಿಕ್ಕಲ್ಲ, ತಡೆಯಲಿಕ್ಕೆ ಎನ್ನಬೇಕು. ಎಂದರೆ ಬೆವರು ಸುರಿಸಿದ ಮೂವರು ಸುಮ್ಮನೆ ಬಿಡುತ್ತಾರೆಯೇ? ಮೇಷ್ಟ್ರು ಹಗ್ಗವನ್ನು ಕೈಗೆ ಇನ್ನೊಂದು ಸುತ್ತು ಸುತ್ತಿಕೊಂಡರು. ಅಷ್ಟರಲ್ಲಿ ಆಕೆ, ಹೇಗೂ ಮೇಲೆ ಬರಲು ದಾರಿಯಿಲ್ಲ, ಜೊತೆಗೇ ಬಂದು ಇರು ಎಂದು ಅಕ್ಕ ಕರೆಯುತ್ತಲೇ ಇದ್ದಾಳೆ, ಅಲ್ಲಿಗೇ ಹೋಗಿಬಿಡುತ್ತೇನೆ ಎಂದು ಡ್ರೈವರನ್ನು ಕರೆದುಕೊಂಡು ಹೊರಟಳು. ಅವನು ಹೊತ್ತಿದ್ದ ಭಾರವೂ ಮೇಷ್ಟ್ರ ಹಗ್ಗಕ್ಕೇ ಬಿತ್ತು. ಓಡಿಹೋಗಿ ಆಕೆಯನ್ನು ತಡೆಯಲು ಜೀವ ಹಾತೊರೆಯಿತು, ಕೈ ಬಿಡುವಂತಿರಲಿಲ್ಲ.

ಕೆಳಗೆ ವ್ಯಾನು ಗುರ್ರೆಂದಿತು. ವರ್ಷಗಟ್ಟಲೆ ಗಂಟಲಲ್ಲಿದ್ದ ಮಾತು ಆಗ ಹೊರಬಿತ್ತು.

"ಹೋಗಬೇಡಿ! ದಯವಿಟ್ಟು ನನ್ನನ್ನ ಬಿಟ್ಟು ಹೋಗಬೇಡಿ!"

ವ್ಯಾನಿನ ಸದ್ದು ಬೀದಿಯ ಕೊನೆಯಲ್ಲಿ ಕರಗಿತು. ಬೀರುವಿನ ಅಡಿಯಿಂದ ಗುಮಾಸ್ತರು ಸಮಾಧಾನ ಹೇಳಿದರು.

"ನಾವೆಲ್ಲಿಗೆ ಹೋಗ್ತೀವಿ ಮೇಷ್ಟ್ರೇ? ಇಲ್ಲೇ ಇದೀವಿ. ನೀವು ಹಗ್ಗ ಗಟ್ಟಿಯಾಗಿ ಹಿಡ್ಕೊಳ್ಳಿ."