ಅತ್ತೆಯ ಫ್ಲೆಕ್ಸಿಗೆ ಮೂವರು ಕಾವಲುಗಾರರು

"ಕಂಪ್ಯೂಟರ್ ಜೊತೆಗೆ ಬಂದಿರೋ ಆಂಟಿವೈರಸ್ಸೇ ನಮಗೆ ಸಾಕು. ಇನ್ನೊಂದು ಹಾಕಿಸ್ಕೊಳ್ಳಿ ಅಂತ ಯಾರೇ ಬರಲಿ, ಬಾಗಿಲಲ್ಲೇ ಕೈ ಮುಗಿದು ಕಳಿಸ್ತೀನಿ," ಎಂದು ತೆರ್ಯೊ ಬೆಳಗಿನ ಕಾಫಿ ಬಟ್ಟಲು ಕೆಳಗಿಡುತ್ತ ಘೋಷಿಸಿದ.

ಹೆಂಡತಿ ಮರ್ಲಿಂದಾ ಒಣಮೀನು ಹುರಿಯುತ್ತಿದ್ದಳು. "ಡೊಮಿಂಗ್ ಬಂದ್ರೂ ಹೀಗೇ ಹೇಳ್ತೀರಾ?"

"ಹೇಳದೆ ಏನು? ನನಗೇನು ಬಾಯಿಲ್ವಾ?"

"ಇದೆ. ನನ್ನ ಮುಂದೆ ಮಾತ್ರ ತೆರ್ಕೊಳ್ಳುತ್ತೆ."

ಇಲೊಯಿಲೊ ಪ್ರಾಂತ್ಯದ ಆ ಊರಿನಲ್ಲಿ ಯಾರು ಹುಟ್ಟಲಿ, ಯಾರು ನರ್ಸ್ ಪರೀಕ್ಷೆ ಪಾಸು ಮಾಡಲಿ, ಯಾರು ಹಡಗಿನ ಕೆಲಸಕ್ಕೆ ಹೊರಡಲಿ, ಅವರ ಮುಖ ತೆರ್ಯೊನ ಅಂಗಡಿಯಲ್ಲಿ ಫ್ಲೆಕ್ಸ್ ಆಗಿ ಬೀದಿಯಲ್ಲಿ ತೂಗಲೇಬೇಕು. ಗಿರಾಕಿಗಳು ಪೆನ್ ಡ್ರೈವಿನಲ್ಲಿ ಫೋಟೊ ತರುತ್ತಿದ್ದರು, ಜೊತೆಗೆ ವೈರಸ್ಸನ್ನೂ ಪುಕ್ಕಟೆಯಾಗಿ ತರುತ್ತಿದ್ದರು. ಕಂಪ್ಯೂಟರಿನೊಳಗೆ ಮೊದಲಿನಿಂದಲೂ ಇದ್ದ ಕಾವಲುಗಾರ ಅವನ್ನೆಲ್ಲ ಸದ್ದಿಲ್ಲದೆ ಕತ್ತು ಹಿಡಿದು ಆಚೆ ದಬ್ಬುತ್ತಿದ್ದ. ಇಷ್ಟು ವರ್ಷ ಒಂದು ಫೋಟೊ ಕೂಡ ಹಾಳಾಗಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಡೊಮಿಂಗ್ ಬಂದೇ ಬಂದ. ಮೊಬೈಲ್ ರಿಪೇರಿ ಅಂಗಡಿಯವನು; ತೆರ್ಯೊನ ಹಿರಿಮಗನ ಜ್ಞಾನಸ್ನಾನದ ದಿನ ಜ್ಞಾನತಂದೆಯಾಗಿ ನಿಂತವನು. ಅಂದಮೇಲೆ ತೆರ್ಯೊನಿಗೆ ಅವನು ಕುಂಪಾರೆ. ಒಡಹುಟ್ಟಿದವನಿಗೆ ಬೇಕಾದರೆ ಬೇಡ ಎನ್ನಬಹುದು, ಕುಂಪಾರೆಗೆ ಹಾಗೆನ್ನುವ ಎದೆಗಾರ ಆ ಊರಿನಲ್ಲಿ ಇನ್ನೂ ಹುಟ್ಟಿರಲಿಲ್ಲ.

"ಕುಂಪಾರೆ, ನಿನಗೆ ಅಂತಲೇ ಒಂದು ಆಂಟಿವೈರಸ್ ಎತ್ತಿಟ್ಟಿದ್ದೀನಿ. ಊರಿಗೆಲ್ಲ ಹಾಕಿಕೊಟ್ಟು ನಿನಗೇ ಹಾಕ್ಲಿಲ್ಲ ಅಂದ್ರೆ ಜನ ಏನಂತಾರೆ? ನಮ್ಮಿಬ್ಬರ ಮಧ್ಯೆ ಏನೋ ಆಗಿದೆ ಅಂತಾರೆ."

"ಅದು... ಇರೋದೇ ಸಾಕು ಅಂತ..."

"ಸಾಕು ಅಂತ ಯಾರಂದ್ರು?"

"ಮರ್ಲಿಂದಾ ಅಂದ್ಲು," ಎಂದ ನಮ್ಮ ಧೀರ. ಅರ್ಧ ಗಂಟೆಯಲ್ಲಿ ಡೊಮಿಂಗನ ಆಂಟಿವೈರಸ್ ಒಳಗೆ ಕೂತಿತ್ತು.

ಮರುದಿನ ಅಬ್ನೆರ್ ಬಂದ. ಇವನು ಶಾಲೆಯಲ್ಲಿ ಕಂಪ್ಯೂಟರ್ ಮೇಷ್ಟ್ರು, ತೆರ್ಯೊನ ಮಗಳ ಜ್ಞಾನತಂದೆ. ಪರದೆಯ ಮೂಲೆಯಲ್ಲಿ ಡೊಮಿಂಗನ ಹಸಿರು ಗುರುತು ಕಂಡದ್ದೇ ತಡ, ಅವನ ಮುಖ ಇಳಿದುಹೋಯಿತು. "ಮಗನ ಜ್ಞಾನತಂದೆ ಮಾತ್ರ ಕುಂಪಾರೆ. ಮಗಳ ಜ್ಞಾನತಂದೆ ದಾರೀಲಿ ಹೋಗೋನು. ಇರ್ಲಿ ಬಿಡು, ನಾನೇನೂ ಅಂದ್ಕೊಳ್ಳಲ್ಲ."

ಏನೂ ಅಂದುಕೊಳ್ಳುವುದಿಲ್ಲ ಎಂದವನನ್ನು ಹಾಗೇ ಕಳಿಸುವುದುಂಟೇ? ಅಬ್ನೆರನದೂ ಒಳಗೆ ಹೋಯಿತು. ಡೊಮಿಂಗನದನ್ನು ತೆಗೆದರೆ ಡೊಮಿಂಗ್ ನೊಂದುಕೊಳ್ಳುತ್ತಾನೆ, ಅದೂ ಅಲ್ಲೇ ಉಳಿಯಿತು. ಅದೇ ವಾರ ಕಿರಿಮಗನ ಜ್ಞಾನತಂದೆ ಗಿಲ್ ಹಡಗಿನಿಂದ ರಜೆಗೆ ಬಂದ. ಎಲ್ಲರಿಗೂ ಚಾಕಲೇಟು ತಂದವನು ತೆರ್ಯೊನಿಗೆ ಮಾತ್ರ ವಿಶೇಷ ಉಡುಗೊರೆ ತಂದಿದ್ದ. "ನಮ್ಮ ಹಡಗಿಗೆ ಹಾಕಿರೋದು ಇದೇ, ಕುಂಪಾರೆ. ಸಮುದ್ರದ ಮಧ್ಯದಲ್ಲೂ ಕೆಲಸ ಮಾಡುತ್ತೆ."

ಮೂವರು ಹೊಸಬರನ್ನು ಕಂಡ ಹಳೇ ಕಾವಲುಗಾರ ಮರ್ಯಾದೆಯಾಗಿ ಪಕ್ಕಕ್ಕೆ ಸರಿದು ನಿದ್ದೆ ಹೋದ. ಆಮೇಲೆ ಶುರುವಾಯಿತು ಮಹಾಯುದ್ಧ. ಡೊಮಿಂಗನದು ಅಬ್ನೆರನದನ್ನು ಕಳ್ಳನೆಂದು ಹಿಡಿಯಿತು. ಅಬ್ನೆರನದು ಗಿಲ್‌ನದನ್ನು ಸೆರೆಗೆ ತಳ್ಳಿತು. ಗಿಲ್‌ನದು ಹಡಗಿನ ಅಭ್ಯಾಸದಂತೆ ಕಂಡಕಂಡದ್ದಕ್ಕೆಲ್ಲ ಅಪಾಯದ ಗಂಟೆ ಬಾರಿಸಿತು. ಈ ಜಗಳದಲ್ಲಿ ಕೆಲಸ ಮಾಡಲು ಕಂಪ್ಯೂಟರಿಗೆ ಪುರುಸೊತ್ತೇ ಸಿಗದಾಯಿತು.

ಇದೆಲ್ಲ ಬೇರೆ ವಾರ ಆಗಿದ್ದರೆ ತೆರ್ಯೊ ಹೇಗೋ ಸುಧಾರಿಸಿಕೊಳ್ಳುತ್ತಿದ್ದ. ಆದರೆ ಶನಿವಾರ ಅತ್ತೆಯ ಎಂಬತ್ತನೇ ಹುಟ್ಟುಹಬ್ಬ. ಅತ್ತೆ ಎಂದರೆ ಪಿಲಿಂಗಮ್ಮ. ಮದುವೆಯ ದಿನ ಯಾರೋ "ಅಳಿಯ ಹೇಗೆ?" ಎಂದು ಕೇಳಿದಾಗ "ನೋಡೋಣ" ಎಂದಿದ್ದರು. ಅವರು ಇಂದಿಗೂ ನೋಡುತ್ತಲೇ ಇದ್ದರು. ಅವರ ಬಾಯಿಂದ ಒಂದು ಒಳ್ಳೆಯ ಮಾತು ಗಿಟ್ಟಿಸಲೇಬೇಕೆಂದು ತೆರ್ಯೊ ಊರು ಕಂಡರಿಯದಷ್ಟು ದೊಡ್ಡ ಫ್ಲೆಕ್ಸಿಗೆ ಕೈ ಹಾಕಿದ್ದ. ಅತ್ತೆಯ ನಗುಮುಖ, ಸುತ್ತ ಮಲ್ಲಿಗೆ, ಎದೆಯ ಕೆಳಗೆ ಕೆಂಪು ಪಟ್ಟಿಯಲ್ಲಿ ಶುಭಾಶಯ.

ಶನಿವಾರ ಬೆಳಿಗ್ಗೆ ಅತ್ತೆ ಪರದೆಯ ಮೇಲೆ ಬಂದರು, ಆದರೆ ಅಲ್ಲಿಂದ ಮುದ್ರಣದ ಯಂತ್ರಕ್ಕೆ ಹೋಗಲು ಒಪ್ಪಲಿಲ್ಲ. ತೆರ್ಯೊ ಬೇಡಿಕೊಂಡ, ಬೈದ, ಕೊನೆಗೆ ಕಂಪ್ಯೂಟರಿಗೆ ಫ್ಯಾನ್ ಹಾಕಿ ಗಾಳಿ ಬೀಸಿದ.

"ಆ ಮೂರನ್ನೂ ಕಿತ್ತುಹಾಕ್ರೀ," ಎಂದಳು ಮರ್ಲಿಂದಾ.

"ಸಂಜೆ ಊಟಕ್ಕೆ ಮೂವರೂ ಬರ್ತಾರೆ ಕಣೇ. ಕಿತ್ತುಹಾಕಿ ಅವರಿಗೆ ಮುಖ ಹೇಗೆ ತೋರಿಸ್ಲಿ?"

"ಅಮ್ಮನಿಗೆ ಹೇಗೆ ತೋರಿಸ್ತೀರಿ?"

ಆಗ ತೆರ್ಯೊನ ತಲೆಗೆ ಒಂದು ದಿವ್ಯ ಉಪಾಯ ಹೊಳೆಯಿತು. ಪರದೆಯಲ್ಲಿ ನಗುತ್ತಿದ್ದ ಅತ್ತೆಯನ್ನು ಮೊಬೈಲಿನಲ್ಲಿ ಫೋಟೊ ಹೊಡೆದ. ಅದನ್ನೇ ಮೊಬೈಲಿನಿಂದ ನೇರವಾಗಿ ಯಂತ್ರಕ್ಕೆ ಕೊಟ್ಟ. ಕನ್ನಡಕ ಎಲ್ಲೋ ಬಿಟ್ಟಿದ್ದನಾದರೂ ನಗುಮುಖ ಕಂಡಿತು, ಕೆಂಪು ಪಟ್ಟಿಯೂ ಕಂಡಿತು, ಇನ್ನೇನು ಬೇಕು? ಯಂತ್ರವು ಫ್ಲೆಕ್ಸನ್ನು ಮುದ್ರಿಸುತ್ತ ಒಳಮುಖವಾಗಿ ಸುರುಳಿ ಸುತ್ತತೊಡಗಿತು. ಅದನ್ನು ಅದರ ಪಾಡಿಗೆ ಬಿಟ್ಟು, ತೆರ್ಯೊ ಸುಟ್ಟ ಹಂದಿಯನ್ನು ಹೊತ್ತು ತರಲು ಓಡಿದ.

ಸಂಜೆ ಬಾಸ್ಕೆಟ್‌ಬಾಲ್ ಅಂಗಳದಲ್ಲಿ ಊರಿಗೆ ಊರೇ ಸೇರಿತ್ತು. ಮುಂದಿನ ಸಾಲಿನಲ್ಲಿ ಪಾದ್ರಿಗಳು, ಅವರ ಪಕ್ಕದಲ್ಲಿ ಮೂವರೂ ಕುಂಪಾರೆಗಳು. ತೆರ್ಯೊ ಎದೆಯುಬ್ಬಿಸಿ ಹಗ್ಗ ಎಳೆದ. ಸುರುಳಿ ಬಿಚ್ಚಿಕೊಂಡಿತು. ಬಾಯಿಗೆ ಹೋಗುತ್ತಿದ್ದ ಶಾವಿಗೆ ಎಲ್ಲರ ಚಮಚದಲ್ಲೂ ನಿಂತುಬಿಟ್ಟಿತು.

ಮನೆಯೆತ್ತರದ ಪಿಲಿಂಗಮ್ಮ ಹೂನಗೆ ಬೀರುತ್ತಿದ್ದರು. ಶುಭಾಶಯ ಇರಬೇಕಾದ ಕಡೆ, ಅದನ್ನು ಪೂರ್ತಿ ಮುಚ್ಚಿಕೊಂಡು, ಕೆಂಪು ಪಟ್ಟಿಯಲ್ಲಿ ಹೀಗಿತ್ತು: "ಎಚ್ಚರಿಕೆ. ಅಪಾಯ ಪತ್ತೆಯಾಗಿದೆ. ತೆಗೆದುಹಾಕಬೇಕೆ? ಹಾಗೇ ಬಿಡಬೇಕೆ?"

"ಇದು ನಂದಲ್ಲ, ನಂದು ಹಸಿರು," ಎಂದ ಡೊಮಿಂಗ್.

"ನಂದು ನೀಲಿ," ಎಂದ ಅಬ್ನೆರ್.

ಎಲ್ಲರೂ ಗಿಲ್ ಕಡೆ ತಿರುಗಿದರು. "ಹಡಗಲ್ಲಿ ಯಾವತ್ತೂ ಹೀಗಾಗಿರ್ಲಿಲ್ಲ," ಎಂದು ಅವನು ಹಂದಿಯ ಗರಿಗರಿ ಚರ್ಮ ಅಗಿಯುತ್ತಲೇ ಹೇಳಿದ.

ಪಿಲಿಂಗಮ್ಮ ಕನ್ನಡಕ ಹಾಕಿಕೊಂಡು ಒಂದೊಂದೇ ಅಕ್ಷರ ಓದಿದರು. ತೆರ್ಯೊನಿಗೆ ನಿಂತ ನೆಲ ಬಾಯಿ ಬಿಟ್ಟರೆ ಸಾಕೆನಿಸಿತು.

"ತೆರ್ಯೊ, ಬಾ ಇಲ್ಲಿ. ಇದನ್ನ ನೀನೇ ಹಾಕಿಸಿದ್ದಾ?"

"ಅಮ್ಮಾ, ಅದು ಕಂಪ್ಯೂಟರ್..."

"ನನ್ನ ಬಗ್ಗೆ ಮನಸಲ್ಲಿ ಇರೋದನ್ನ ಈ ಊರಲ್ಲಿ ಒಬ್ಬನೂ ನನ್ನೆದುರು ಆಡಿದ್ದಿಲ್ಲ. ನೀನು ಇಷ್ಟಗಲ ಬರೆದು ನೇತು ಹಾಕಿದ್ದೀಯ. ಪರವಾಗಿಲ್ಲ, ಗಂಡಸು."

ಮದುವೆಯಾದಾಗಿನಿಂದ ಕಾದ ಮಾತು ಇದು. ನಾನು ಬರೆಸಿದ್ದಲ್ಲ ಎಂದರೆ ಅದು ಕೈಬಿಟ್ಟು ಹೋಗುತ್ತದೆ, ಹೌದೆಂದರೆ ಅತ್ತೆಗೆ ಅಪಾಯ ಎಂದ ಹಾಗಾಗುತ್ತದೆ. ಆಸೆಯೇ ಗೆದ್ದಿತು. "ಹೌದು ಅಮ್ಮಾ," ಎಂದ.

"ಹಾಗಾದ್ರೆ ಉತ್ತರಾನೂ ನೀನೇ ಹೇಳು. ತೆಗೆದುಹಾಕಬೇಕಾ, ಹಾಗೇ ಬಿಡಬೇಕಾ?"

"ಹಾಗೇ... ಹಾಗೇ ಬಿಡಬೇಕು ಅಮ್ಮಾ."

ಮಗಳಿಂದ ಆಂಟಿವೈರಸ್ಸುಗಳ ಕಥೆ ಮೊದಲೇ ಕೇಳಿದ್ದ ಪಿಲಿಂಗಮ್ಮ ತೃಪ್ತಿಯಿಂದ ತಲೆದೂಗಿ, ಅಳಿಯ ಬಾಯಿ ಬಿಡಲಾರದ್ದನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದರು. "ಡೊಮಿಂಗ್, ಅಬ್ನೆರ್, ಗಿಲ್, ಮೂವರೂ ಸೋಮವಾರ ಬಂದು ನಿಮ್ಮ ನಿಮ್ಮ ವಸ್ತು ತೆಗೆದುಕೊಂಡು ಹೋಗಿ. ಅವನಿಗೆ ಅದು ಬೇಡ." ಮೂವರೂ "ಆಗ್ಲಿ ಅಮ್ಮಾ" ಎಂದರು. ಯಾರೂ ನೊಂದುಕೊಳ್ಳಲಿಲ್ಲ, ಎರಡನೇ ಸಲ ಹಂದಿ ಬಡಿಸಿಕೊಂಡರು.

ಸೋಮವಾರ ಮೂವರ ಗುರುತುಗಳೂ ಮಾಯವಾದವು. ಹಳೇ ಕಾವಲುಗಾರ ಕಣ್ಣುಜ್ಜಿಕೊಂಡು ಎದ್ದು, ಮೊದಲ ಪೆನ್ ಡ್ರೈವಿನಲ್ಲೇ ಎರಡು ವೈರಸ್ ಹಿಡಿದ. ಎಲ್ಲವನ್ನೂ ನಿಂತು ನೋಡಿಕೊಂಡ ಪಿಲಿಂಗಮ್ಮ ಅಂಗಡಿಯ ಬಾಗಿಲಿಗೆ ಕುರ್ಚಿ ಹಾಕಿಸಿಕೊಂಡರು. ಪಕ್ಕದಲ್ಲಿ ಅವರ ಬಟ್ಟೆಯ ಪೆಟ್ಟಿಗೆಯೂ ಇತ್ತು.

"ಇಲ್ಲಿ ಬೇಡ ಅನ್ನೋರು ಒಬ್ಬರು ಬೇಕು. ನಾನು ಇಲ್ಲೇ ಇದ್ದುಬಿಡ್ಲಾ? ಇಷ್ಟ ಇಲ್ದಿದ್ರೆ ಹೇಳಿಬಿಡಪ್ಪಾ, ನೀನು ಧೈರ್ಯಸ್ಥ."

ಮರ್ಲಿಂದಾ ಕೆಲಸ ನಿಲ್ಲಿಸಿ ಗಂಡನ ಬಾಯಿಯನ್ನೇ ನೋಡಿದಳು. ತೆರ್ಯೊನ ಗಂಟಲಿನವರೆಗೆ ಏನೋ ಬಂತು, ಅಲ್ಲೇ ನಿಂತಿತು, ಕೊನೆಗೆ ಬೇರೆಯೇ ಮಾತಾಗಿ ಹೊರಬಿತ್ತು.

"ನಿಮ್ಮದೇ ಮನೆ ಅಲ್ವಾ, ಅಮ್ಮಾ."

ಮರ್ಲಿಂದಾ ಪೆಟ್ಟಿಗೆಯನ್ನು ಒಳಗೆ ಒಯ್ಯುತ್ತ ಗಂಡನ ಕಿವಿಯ ಬಳಿ ಹೇಳಿದಳು, "ಕಂಪ್ಯೂಟರಿಗೆ ಒಬ್ಬ ಕಾವಲುಗಾರ ಸಾಕು ಅಂತ ಗೊತ್ತಾಯ್ತಲ್ಲ. ನಿಮಗೆ ಇಬ್ಬರು ಬೇಕು."