ಒಂದು ಮೊರ ತವುಡಿನ ಮಗ

ಕಾಂತರಾಜುವಿನ ತೊಂದರೆ ಇಷ್ಟೇ: ಅವನ ಬಾಲ್ಯ ಚೆನ್ನಾಗಿತ್ತು.

ತಿ. ನರಸೀಪುರದ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದ ಅವನು ಆತ್ಮಕತೆ ಬರೆದು ಮೈಸೂರಿನ ಪ್ರಕಾಶಕ ಹೇಮಂತ್‌ಗೆ ಕಳಿಸಿದ್ದ. ಭಾನುವಾರ ಬೆಳಿಗ್ಗೆ ಫೋನ್ ಬಂತು.

“ಬರವಣಿಗೆ ಸೊಗಸಾಗಿದೆ ಸಾರ್. ಆದ್ರೆ ಪುಸ್ತಕ ಪೂರ್ತಿ ಹುಡುಕಿದ್ರೂ ನಿಮಗೆ ಒಂದೇಟೂ ಬಿದ್ದಿಲ್ಲ. ಈಗ ಓಡ್ತಿರೋದೆಲ್ಲ ನೊಂದ ಬಾಲ್ಯದ ಕತೆ. ಬೆನ್ನ ಮೇಲೆ ಬರೆ ಇಲ್ಲದೋರು ಬರೀಲೇಬಾರ್ದು! ಮಧ್ಯಾಹ್ನ ನಿಮ್ಮೂರಿಗೆ ಬಂದು ವಿಡಿಯೊ ಮಾಡ್ತೀನಿ. ಅಷ್ಟರಲ್ಲಿ ಒಂದಾದ್ರೂ ನೋವು ಹುಡುಕಿಡಿ. ಸಿಗದಿದ್ರೆ ಪುಸ್ತಕ ಮರ್ತುಬಿಡಿ.”

ಕಾಂತರಾಜು ಸಿಕ್ಕ ಬಸ್ಸು ಹತ್ತಿ ಹುಟ್ಟೂರು ಹೆಮ್ಮರಗಾಲಕ್ಕೆ ಬಂದಾಗ ತಾಯಿ ಚಿಕ್ಕಮಾದಮ್ಮ ಮುದ್ದೆ ಕಟ್ಟುತ್ತಿದ್ದಳು.

“ಅವ್ವ, ಚಿಕ್ಕೋನಿದ್ದಾಗ ನಂಗೆ ಒಡ್ದಿದ್ಯಾ?”

“ಅಯ್ಯೋ, ನನ್ ಕೈ ಸೇದೋಗ! ನಿನ್ನ ಒಡ್ದಾರಾ ಕಂದಾ?”

“ಉಪಾಸ ಕೆಡವಿದ್ಯಾ?”

“ಊಂ ಕಣಪ್ಪ, ಒಂದ್ಸಲ. ಒಬ್ಬಟ್ಟು ತಿಂದು ಒಟ್ಟೆ ಕೆಡಿಸ್ಕೊಂಡಿದ್ಯಲ್ಲ, ಆವತ್ತು.”

ಕಾಂತರಾಜುವಿನ ಮುಖ ಉಪ್ಪು ಮರೆತ ಸಾರಿನಂತಾಯಿತು. ಜಗಲಿಯ ಮೇಲೆ ಕುಳಿತು ಎಲ್ಲವನ್ನೂ ಕೇಳಿಸಿಕೊಂಡ ಪಕ್ಕದ ಮನೆ ಗೋವಿಂದಯ್ಯ, “ಆಗ್ಲೇ ಒಂದ್ ಮಾತು ಯೋಳಿದ್ರೆ ನಾನೇ ನಾಕು ಬುಡ್ತಿದ್ದೆ ಕಣ್ಲಾ. ಈಗ್ಲೂ ಅಡ್ಡಿಲ್ಲ, ಬೆನ್ನು ತೋರ್ಸು” ಎಂದ.

ಅಷ್ಟರಲ್ಲಿ ಎದುರು ಮನೆಯ ಮುದುಕಿ ಪುಟ್ಟಬಸಮ್ಮ ಬಂದಳು. “ನೋವು ಬೇಕೇನ್ಲಾ ನಿಂಗೆ? ನಿಮ್ಮವ್ವ ನಿನ್ನ ನಂಗೆ ಮಾರಿದ್ದು ಗೊತ್ತಿಲ್ವಾ?”

ಮಾರಿದ್ದು ನಿಜ. ಅವನಿಗಿಂತ ಮೊದಲು ಹುಟ್ಟಿದ್ದ ಎರಡು ಕೂಸುಗಳು ಉಳಿದಿರಲಿಲ್ಲ. ಇದು ಯಾರಿಗೂ ಬೇಡವಾದ ಕೂಸೆಂದು ಜವರಾಯನನ್ನು ನಂಬಿಸಲು ಇವನನ್ನು ತಿಪ್ಪೆಯಲ್ಲಿ ಹೊರಳಿಸಿ, ಒಂದು ಮೊರ ತವುಡಿಗೆ ಪುಟ್ಟಬಸಮ್ಮನಿಗೆ ಮಾರಿದ್ದರು. ಅವಳು “ನನ್ ಕೂಸ ನೀ ಸಾಕ್ಕೊಡವ್ವ” ಎಂದು ಆಗಲೇ ತಾಯಿಯ ಮಡಿಲಿಗೆ ಹಾಕಿದ್ದಳು. ಕೂಸು ಉಳಿಯಲೆಂದು ಊರವರು ಮಾಡುವ ಶಾಸ್ತ್ರ ಅದು.

“ತಿಪ್ಪೆ! ತವುಡು! ಮಾರಾಟ!” ಕಾಂತರಾಜು ಹಗ್ಗ ಬಿಚ್ಚಿದ ಕರುವಿನಂತೆ ಕುಣಿದ. “ದೊಡ್ಡವ್ವ, ನೀ ನನ್ ಪಾಲಿನ್ ದೇವ್ರು!”

ಹೇಮಂತ್ ಬಂದ. ಮೊಬೈಲ್ ಎತ್ತಿ ಹಿಡಿದ. ಜಗಲಿಯ ಸುತ್ತ ಅರ್ಧ ಊರೇ ನೆರೆಯಿತು. ಕಾಂತರಾಜು ಕಣ್ಣೊರೆಸಿಕೊಂಡು ಶುರು ಮಾಡಿದ. “ಈ ತಾಯಿ ನನ್ನನ್ನು ಒಂದು ಮೊರ ತವುಡಿಗೆ ಕೊಂಡರು. ಇಂದಿಗೂ ನಾನು ಇವರ ಸ್ವತ್ತು. ಇವರ ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಲೇ ಬೆಳೆದೆ...”

“ಸಗಣೀನಾ?” ಪುಟ್ಟಬಸಮ್ಮ ನಡುವೆ ಬಾಯಿ ಹಾಕಿದಳು. “ಉಟ್ದಾಗ್ಲಿಂದ ಒಂದ್ ಮಂಕ್ರೀನೂ ಎತ್ತಿಲ್ಲ ಸಾ ಇವ್ನು!”

ಹೇಮಂತ್ ಮೊಬೈಲ್ ಇಳಿಸಿದ. “ಸುಳ್ಳಾ ಸಾರ್?”

“ಸುಳ್ಯಾಕಾದದು?” ಎಂದಳು ಪುಟ್ಟಬಸಮ್ಮ. “ಎಲ್ರ ಮುಂದೆ ನನ್ ಸ್ವತ್ತು ಅಂತ ಒಪ್ಕಂಡವ್ನೆ. ನನ್ ಸೊಸೆ ಶಾಲಿನಿ ಬಾಣಂತನಕ್ಕೆ ತವರಿಗೋಗವ್ಳೆ, ಕೊಟ್ಗೆ ಅಂಗೇ ಬಿದ್ದದೆ. ಏಳ್ಲಾ ಮಗ!”

ಕಾಂತರಾಜು ಗೋವಿಂದಯ್ಯನ ಕಡೆ ನೋಡಿದ. ಗೋವಿಂದಯ್ಯ ಗಂಟಲು ಸರಿಮಾಡಿಕೊಂಡ. “ತವುಡು ವಾಪಸ್ ಕೊಟ್ಟಿಲ್ಲ ಅಂದ್ಮೇಲೆ ಕ್ರಯ ಊರ್ಜಿತ ಕಣ್ಲಾ. ತಾಲ್ಲೂಕಾಪೀಸ್ಗೋದ್ರೂ ಅಷ್ಟೇಯ.”

“ಅವ್ವ, ತವುಡು ವಾಪಸ್ ಕೊಟ್ಬುಡು!”

“ಆವತ್ತೇ ಎಮ್ಮೆಗ್ ಕಲಸಿಟ್ಬುಟ್ಟೆ ಕಂದಾ” ಎಂದಳು ಚಿಕ್ಕಮಾದಮ್ಮ, ಸೆರಗಿನಲ್ಲಿ ನಗು ಮುಚ್ಚಿಕೊಂಡು. “ಬಿರ್ರನೆ ಬಾಚಾಕ್ಬುಟ್ಟು ಬಾ, ಮುದ್ದೆ ಆರೋಯ್ತದೆ.”

ಮೂರನೆಯ ಮಂಕರಿ ತುಂಬ ಸಗಣಿ ಹೊರುವಷ್ಟರಲ್ಲಿ ಕಾಂತರಾಜುವಿನ ಸೊಂಟ ಹಳೇ ಬಾಗಿಲಿನಂತೆ ಕಿರುಗುಟ್ಟಿತು. ಅಂಗೈಯಲ್ಲಿ ಬೊಬ್ಬೆ ಬಂತು. ಸಾಲದ್ದಕ್ಕೆ ಹಸುವೊಂದು ಒದೆಯಿತು. ಕಾರು ಹತ್ತುತ್ತಿದ್ದ ಹೇಮಂತ್‌ನ ಹಿಂದೆ ಅವನು ಸಗಣಿ ಕೈಯಲ್ಲೇ ಓಡಿದ. “ಸಾರ್, ಬನ್ನಿ, ವಿಡಿಯೊ ಮಾಡಿ! ಏಟು ಬಿತ್ತು! ಇದು ನಿಜವಾದ ನೋವು!”

ಹೇಮಂತ್ ಕಿಟಕಿ ಏರಿಸಿಕೊಳ್ಳುತ್ತಾ ಹೇಳಿದ, “ನೋವೇನೋ ನಿಜ ಸಾರ್. ಆದ್ರೆ ನಲವತ್ತೈದಕ್ಕೆ ಶುರುವಾದ್ರೆ ಅದು ಬಾಲ್ಯ ಆಗಲ್ವಲ್ಲ!”

ಕಾರು ಹೊರಟಿತು. ಕೊಟ್ಟಿಗೆಯಿಂದ ಪುಟ್ಟಬಸಮ್ಮನ ಕೂಗು ಕೇಳಿಸಿತು:

“ಕೂಸೇ, ಆಟ ಸಾಕು! ಕರು ಕಟ್ಟಿರೋ ಮೂಲೆ ಅಂಗೇ ಅದೆ, ಬಾ!”